ಬ್ರಿಸ್ಟಲ್‌ನ ಸೇಂಟ್ ಮೇರಿ ರೆಡ್‌ಕ್ಲಿಫ್ ಚರ್ಚು ಮತ್ತು ಸುತ್ತಮುತ್ತ: ಪದೇ ಪದೇ ಕೇಳುವ ಪ್ರಶ್ನೆಗಳು

ರೆಡ್‌ಕ್ಲಿಫ್ ಎಂದರೆ ಬ್ರಿಸ್ಟಲ್ ಕ್ಯಾಥೆಡ್ರಲ್ಲೇ ಅಲ್ಲವೇ?

ಅಲ್ಲ. ಎತ್ತರದ ಶಿಖರ ಕಂಡವರೆಲ್ಲ ಮಾಡುವ ತಪ್ಪು ಇದು. ಬಿಷಪರ ಪೀಠ ಇರುವ ಚರ್ಚಿಗೆ ಮಾತ್ರ ಕ್ಯಾಥೆಡ್ರಲ್ ಎಂಬ ಹೆಸರು. ಕಟ್ಟಡದ ಗಾತ್ರಕ್ಕೂ ಅದಕ್ಕೂ ಸಂಬಂಧವಿಲ್ಲ. ಬ್ರಿಸ್ಟಲ್‌ನ ಕ್ಯಾಥೆಡ್ರಲ್ ಇರುವುದು ಸುಮಾರು ಒಂದೂವರೆ ಕಿಲೋಮೀಟರ್ ಆಚೆ, ಕಾಲೇಜ್ ಗ್ರೀನ್‌ನಲ್ಲಿ. ಸೇಂಟ್ ಮೇರಿ ರೆಡ್‌ಕ್ಲಿಫ್ ಒಂದು ಪ್ಯಾರಿಷ್ ಚರ್ಚು, ಅಂದರೆ ಸುತ್ತಲಿನ ಪೇಟೆಯ ಜನರ ಚರ್ಚು. ಅಷ್ಟಾದರೂ ಕ್ಯಾಥೆಡ್ರಲ್ಲನ್ನೇ ನಾಚಿಸುವ ಹಾಗಿದೆ. ಕಾರಣ ಭಕ್ತಿಯೊಂದೇ ಅಲ್ಲ, ಬಂದರಿನ ದುಡ್ಡು. ಮಧ್ಯಯುಗದಲ್ಲಿ ಹಡಗು ಕಟ್ಟಿ ಉಣ್ಣೆ ಬಟ್ಟೆ, ದ್ರಾಕ್ಷಾರಸದ ವ್ಯಾಪಾರ ಮಾಡಿದ ವರ್ತಕರು ಪೈಪೋಟಿಗೆ ಬಿದ್ದು ಇಲ್ಲಿ ಹಣ ಸುರಿದರು. ಇಂಗ್ಲೆಂಡಿನ ಪ್ಯಾರಿಷ್ ಚರ್ಚುಗಳಲ್ಲೆಲ್ಲ ಇದೇ ಅತಿ ಸುಂದರ ಎಂದು 1574ರಲ್ಲಿ ಬಂದಿದ್ದ ಒಂದನೇ ಎಲಿಜಬೆತ್ ರಾಣಿ ಹೊಗಳಿದಳೆಂಬ ಮಾತು ಊರಿನ ಬಾಯಲ್ಲಿದೆ. ಅವಳು ಹಾಗೇ ಹೇಳಿದಳೋ ಇಲ್ಲವೋ, ಆ ಮಾತನ್ನು ಊರು ಬಿಟ್ಟುಕೊಟ್ಟಿಲ್ಲ. ಅವಳದೊಂದು ಬಣ್ಣದ ಮರದ ಪ್ರತಿಮೆಯೂ ಒಳಗಿದೆ.

ಲಂಡನ್ನಿನಿಂದ ಬರುವುದು ಹೇಗೆ?

ಪ್ಯಾಡಿಂಗ್‌ಟನ್ ನಿಲ್ದಾಣದಿಂದ ನೇರ ರೈಲಿದೆ, ಸುಮಾರು ಒಂದು ಗಂಟೆ ನಲವತ್ತು ನಿಮಿಷ. ಎಡವುವುದು ನಿಲ್ದಾಣದ ಹೆಸರಿನಲ್ಲಿ. ಇಳಿಯಬೇಕಾದದ್ದು ಬ್ರಿಸ್ಟಲ್ ಟೆಂಪಲ್ ಮೀಡ್ಸ್. ಬ್ರಿಸ್ಟಲ್ ಪಾರ್ಕ್‌ವೇ ಎಂಬ ಇನ್ನೊಂದು ನಿಲ್ದಾಣ ಊರಿನ ಉತ್ತರದ ಅಂಚಿನಲ್ಲಿದೆ. ವೇಲ್ಸ್ ಕಡೆಗೆ ಹೋಗುವ ರೈಲುಗಳು ಅಲ್ಲಿ ನಿಂತು ಹಾಗೇ ಮುಂದಕ್ಕೆ ಹೋಗುತ್ತವೆ. ‘ಬ್ರಿಸ್ಟಲ್’ ಎಂದು ಕೂಗಿದ್ದು ಕೇಳಿ ಅಲ್ಲೇ ಇಳಿದುಬಿಟ್ಟರೆ ಗಾಬರಿ ಬೇಡ, ಟೆಂಪಲ್ ಮೀಡ್ಸ್‌ಗೆ ಇನ್ನೊಂದು ರೈಲು ಹಿಡಿದರೆ ಆಯಿತು. ಟಿಕೆಟ್ ಮುಂಗಡವಾಗಿ ಕೊಂಡರೆ ಅಗ್ಗ. ಆದರೆ ಮುಂಗಡ ಟಿಕೆಟ್ ಆ ಒಂದು ರೈಲಿಗೆ ಮಾತ್ರ ನಡೆಯುತ್ತದೆ. ಮುಂದಿನ ರೈಲು ಹತ್ತಿದರೆ ಹೊಸ ಟಿಕೆಟ್ ದರ ಕೊಡಬೇಕಾದೀತು.

ಟೆಂಪಲ್ ಮೀಡ್ಸ್‌ನಿಂದ ಚರ್ಚಿಗೆ ಹತ್ತು ನಿಮಿಷದ ನಡಿಗೆ. ನಿಲ್ದಾಣದ ಮುಂದಿನ ಇಳಿಜಾರು ಇಳಿದು, ಟೆಂಪಲ್ ಗೇಟ್ ದಾಟಿ, ರೆಡ್‌ಕ್ಲಿಫ್ ವೇ ಹಿಡಿದರೆ ಶಿಖರವೇ ದಾರಿ ತೋರಿಸುತ್ತದೆ. ರಸ್ತೆ ಅಗಲ, ವಾಹನಗಳ ವೇಗವೂ ಹೆಚ್ಚು. ನಡುವೆ ನುಗ್ಗದೆ ಸಿಗ್ನಲ್ ಇರುವ ಕಡೆಯೇ ದಾಟಿ.

ಕಾರಿನಲ್ಲಿ ಬಂದರೆ?

ಬರದಿದ್ದರೆ ಒಳ್ಳೆಯದು. ನಗರದ ನಡುಭಾಗ 2022ರ ನವೆಂಬರ್ 28ರಿಂದ ಶುದ್ಧ ಗಾಳಿ ವಲಯ. ಹಳೆಯ, ಹೆಚ್ಚು ಹೊಗೆ ಉಗುಳುವ ಕಾರಿಗೆ ದಿನಕ್ಕೆ 9 ಪೌಂಡ್ ಶುಲ್ಕ. ಹಗಲು ರಾತ್ರಿ, ರಜಾದಿನ ಎಂಬ ಭೇದವಿಲ್ಲ. ಸಾಮಾನ್ಯವಾಗಿ ಯೂರೋ 4 ಮಟ್ಟದ ಪೆಟ್ರೋಲ್ ಕಾರು, ಯೂರೋ 6 ಮಟ್ಟದ ಡೀಸೆಲ್ ಕಾರು ಇದ್ದರೆ ಶುಲ್ಕವಿಲ್ಲ. ಬಾಡಿಗೆಗೆ ಸಿಗುವ ಹೊಸ ಕಾರುಗಳಿಗೆ ಚಿಂತೆಯಿಲ್ಲ, ಸ್ನೇಹಿತರ ಹಳೆಯ ಡೀಸೆಲ್ ಕಾರು ಎರವಲು ತಂದವರು ಸಿಕ್ಕಿಬೀಳುತ್ತಾರೆ. ಗೇಟಿನಲ್ಲಿ ಯಾರೂ ತಡೆಯುವುದಿಲ್ಲ, ಕ್ಯಾಮೆರಾ ನಂಬರ್ ಪ್ಲೇಟ್ ಓದಿಕೊಳ್ಳುತ್ತದೆ. ದುಡ್ಡು ನೀವಾಗಿಯೇ ಸರ್ಕಾರದ ಜಾಲತಾಣದಲ್ಲಿ ಕಟ್ಟಬೇಕು. ಮರೆತರೆ ದಂಡದ ಪತ್ರ ಕಾರಿನ ಮಾಲೀಕರ ಮನೆಗೆ ಹೋಗುತ್ತದೆ.

ಪ್ರವೇಶ ಶುಲ್ಕ, ಚಪ್ಪಲಿ, ಫೋಟೋ?

ಶುಲ್ಕವಿಲ್ಲ. ಬಾಗಿಲ ಬಳಿ ಕಾಣಿಕೆ ಪೆಟ್ಟಿಗೆ ಇರುತ್ತದೆ. ಕೊಟ್ಟರೆ ಕಟ್ಟಡದ ದುರಸ್ತಿಗೆ ಹೋಗುತ್ತದೆ, ಕೊಡದಿದ್ದರೆ ಯಾರೂ ದುರುಗುಟ್ಟಿ ನೋಡುವುದಿಲ್ಲ. ಚಪ್ಪಲಿ, ಶೂ ಬಿಚ್ಚಬೇಕಿಲ್ಲ. ಕಲ್ಲಿನ ನೆಲ ಬೇಸಿಗೆಯಲ್ಲೂ ಕೊರೆಯುತ್ತದೆ, ಬಿಚ್ಚಿದರೆ ನಿಮಗೇ ಕಷ್ಟ. ಗಂಡಸರು ಟೋಪಿ ತೆಗೆಯುವುದು ವಾಡಿಕೆ. ಆರಾಧನೆ ನಡೆಯುತ್ತಿರುವಾಗ ಫೋಟೋ ತೆಗೆಯಬೇಡಿ, ಬೇರೆ ಹೊತ್ತಿನಲ್ಲಿ ಫ್ಲ್ಯಾಶ್ ಬೇಡ.

ಮದುವೆ, ಶವಸಂಸ್ಕಾರ, ಸಂಗೀತ ಕಛೇರಿ ಇದ್ದರೆ ಪ್ರವಾಸಿಗರಿಗೆ ಬಾಗಿಲು ಮುಚ್ಚಿರುತ್ತದೆ. ಶನಿವಾರ ಮಧ್ಯಾಹ್ನ ಹೀಗಾಗುವ ಸಂಭವ ಹೆಚ್ಚು. ಭಾನುವಾರ ಬೆಳಿಗ್ಗೆ ಪ್ರಾರ್ಥನೆಯದೇ ಹೊತ್ತು. ನಿಧಾನವಾಗಿ ನೋಡುವ ಮನಸ್ಸಿದ್ದರೆ ವಾರದ ದಿನ ಬೆಳಿಗ್ಗೆ ಬನ್ನಿ. ಹೊರಡುವ ಮುನ್ನ ಚರ್ಚಿನ ಜಾಲತಾಣದಲ್ಲಿ ಆ ದಿನದ ಕಾರ್ಯಕ್ರಮ ನೋಡಿಕೊಳ್ಳಿ.

ಒಳಗೆ ಮೊದಲು ಎತ್ತ ನೋಡಬೇಕು?

ಮೇಲೆ. ಇಡೀ ಚಾವಣಿ ಕಲ್ಲಿನ ಕಮಾನು. ಕಲ್ಲಿನ ಪಟ್ಟಿಗಳು ಒಂದನ್ನೊಂದು ಕೂಡುವ ಪ್ರತಿ ಗಂಟಿನಲ್ಲೂ ಕೆತ್ತನೆಯ ಗುಬುಟು ಕೂರಿಸಿದ್ದಾರೆ. ಇಂಥವು 1,200ಕ್ಕೂ ಹೆಚ್ಚು, ಬಹುಪಾಲು ಚಿನ್ನದ ಲೇಪನವುಳ್ಳವು. ಗುಬುಟು ಬರೀ ಅಲಂಕಾರವಲ್ಲ. ಅಷ್ಟು ದಿಕ್ಕಿನಿಂದ ಬಂದ ಪಟ್ಟಿಗಳು ಒಂದೇ ಬಿಂದುವಿನಲ್ಲಿ ಅಂದವಾಗಿ ಕೂಡುವಂತೆ ಕಲ್ಲು ಕಡಿಯುವುದು ಕಷ್ಟ. ಆ ಕೂಡುವಿಕೆಯ ಒರಟನ್ನು ಗುಬುಟು ಮುಚ್ಚುತ್ತದೆ. ಕತ್ತು ನೋಯುತ್ತದೆ ಎಂದು ಬಿಟ್ಟುಬಿಡಬೇಡಿ. ಬೆಂಚಿನ ಮೇಲೆ ಕೂತು ಫೋನಿನ ಮುಂದಿನ ಕ್ಯಾಮೆರಾ ಆನ್ ಮಾಡಿ ಮಡಿಲಲ್ಲಿ ಇಟ್ಟುಕೊಂಡರೆ ಕನ್ನಡಿಯಂತೆ ಚಾವಣಿ ಕೆಳಗೇ ಕಾಣುತ್ತದೆ. ಉತ್ತರದ ಪಡಸಾಲೆಯ ಚಾವಣಿಯಲ್ಲಿ ಚಕ್ರವ್ಯೂಹದ ಆಕಾರದ ಒಂದು ಪುಟ್ಟ ಗುಬುಟಿದೆ. ಅದನ್ನು ಹುಡುಕಿ ಇಟ್ಟುಕೊಳ್ಳಿ, ಕೆಳಗೆ ಮತ್ತೆ ಅದರ ಮಾತು ಬರುತ್ತದೆ.

ಆಮೇಲೆ ವಿಲಿಯಂ ಕ್ಯಾನಿಂಗ್ಸ್. ಹದಿನೈದನೆಯ ಶತಮಾನದ ಹಡಗು ಸಾಹುಕಾರ, ಐದು ಸಲ ಮೇಯರ್. ಇವನ ಕಲ್ಲಿನ ಮಲಗಿದ ಮೂರ್ತಿಗಳು ಎರಡಿವೆ. ಒಂದರಲ್ಲಿ ಹೆಂಡತಿ ಜೋನ್ ಪಕ್ಕದಲ್ಲಿ ವರ್ತಕನ ಉಡುಪಿನಲ್ಲಿದ್ದಾನೆ, ಇನ್ನೊಂದರಲ್ಲಿ ಪಾದ್ರಿಯ ನಿಲುವಂಗಿಯಲ್ಲಿ. ಹೆಂಡತಿ ತೀರಿಕೊಂಡ ಮೇಲೆ ವ್ಯಾಪಾರ ಬಿಟ್ಟು ಪಾದ್ರಿಯಾದ. 1468ರಲ್ಲಿ ತನ್ನ ಮೊದಲ ಪೂಜೆಯನ್ನು ಇಲ್ಲೇ ನಡೆಸಿದ. ಒಂದೇ ಚರ್ಚಿನಲ್ಲಿ ಒಬ್ಬನೇ ಮನುಷ್ಯ ಗೃಹಸ್ಥನಾಗಿಯೂ ಸನ್ಯಾಸಿಯಾಗಿಯೂ ಮಲಗಿರುವುದನ್ನು ನೋಡಲು ಎರಡೂ ಮೂರ್ತಿಗಳ ಮುಖ ಹೋಲಿಸಿ ನೋಡಿ.

ಗೋಡೆಯ ಮೇಲೆತ್ತರದಲ್ಲಿ ತೂಗುಹಾಕಿದ ಉಕ್ಕಿನ ಕವಚ ಅಡ್ಮಿರಲ್ ವಿಲಿಯಂ ಪೆನ್‌ನದು. 1670ರಲ್ಲಿ ತೀರಿಕೊಂಡು ಇಲ್ಲಿ ಸಮಾಧಿಯಾದ. ರಾಜ ಇವನಿಗೆ ತೀರಿಸಬೇಕಿದ್ದ ಸಾಲಕ್ಕೆ ಬದಲಾಗಿ ಮಗನಿಗೆ 1681ರಲ್ಲಿ ಅಮೆರಿಕದ ಒಂದು ದೊಡ್ಡ ಕಾಡು ಸಿಕ್ಕಿತು. ಅದೇ ಪೆನ್ಸಿಲ್ವೇನಿಯ.

ಸಂಗೀತಗಾರ ಹ್ಯಾಂಡಲ್‌ನ ನೆನಪಿನ ಕಿಟಕಿ, ಹ್ಯಾರಿಸನ್ ಕಂಪನಿ ಮಾಡಿದ 1912ರ ಆರ್ಗನ್ ವಾದ್ಯ, ಕ್ಯಾಬಟ್ ನಾವಿಕ ತಂದದ್ದೆಂದು ಹೇಳುವ ತಿಮಿಂಗಿಲದ ಪಕ್ಕೆಲುಬು, ಇವೆಲ್ಲ ದಾರಿಯಲ್ಲಿ ಸಿಗುತ್ತವೆ. ಕೋಲರಿಜ್, ಸದೀ ಎಂಬ ಕವಿಗಳಿಬ್ಬರೂ ಫ್ರಿಕರ್ ಮನೆತನದ ಅಕ್ಕ ತಂಗಿಯರನ್ನು ಮದುವೆಯಾದದ್ದು ಇಲ್ಲೇ, 1795ರಲ್ಲಿ, ಒಂದೂವರೆ ತಿಂಗಳ ಅಂತರದಲ್ಲಿ.

ಶಿಖರ ಹೊಸದೆಂದು ಹೇಳುತ್ತಾರಲ್ಲ?

ತುದಿ ಹೊಸದು. 1446ರಲ್ಲಿ ಸಿಡಿಲು ಬಡಿದು ಶಿಖರದ ಮೇಲ್ಭಾಗ ಬಿತ್ತು. ನಾಲ್ಕು ಶತಮಾನಕ್ಕೂ ಹೆಚ್ಚು ಕಾಲ ಅದು ಮೊಂಡಾಗಿಯೇ ನಿಂತಿತ್ತು. ಹಳೆಯ ಚಿತ್ರಗಳಲ್ಲಿ ಹಾಗೇ ಕಾಣುತ್ತದೆ. ಈಗಿನ ತುದಿ ಪೂರ್ತಿಯಾದದ್ದು 1872ರಲ್ಲಿ. ಎತ್ತರ 80 ಮೀಟರಿಗೂ ಮೇಲೆ.

ಚಾಟರ್ಟನ್ ಯಾರು? ಎಲ್ಲ ಕಡೆ ಅವನ ಹೆಸರು ಕೇಳಿಬರುತ್ತದೆ.

ತನ್ನ ಪದ್ಯಗಳನ್ನೇ ಹಳೆಯ ಕಾಲದವೆಂದು ನಂಬಿಸಿದ ಹುಡುಗ ಕವಿ. ಅವನ ಕಥೆ ಶುರುವಾಗುವುದು ಉತ್ತರದ ದ್ವಾರಮಂಟಪದಲ್ಲಿ. ಮಂಟಪ ಆರು ಮೂಲೆಗಳದು, ಸುಮಾರು 1325ರ ಕಾಲದ್ದು. ಬಾಗಿಲ ಸುತ್ತಣ ಕೆತ್ತನೆ ಕಡಲಪಾಚಿ ಹೆಣೆದ ಹಾಗಿದೆ. ಹೊರಗಿನ ಕಲ್ಲುಕೆಲಸದಲ್ಲಿ ಎಲ್ಲಕ್ಕಿಂತ ಹೆಚ್ಚು ಹೊತ್ತು ನಿಲ್ಲಬೇಕಾದ ಜಾಗ ಇದು. ಇದರ ಮಾಳಿಗೆಯಲ್ಲಿ ಹಳೆಯ ಕಾಗದಪತ್ರದ ಪೆಟ್ಟಿಗೆಗಳನ್ನು ಇಟ್ಟಿದ್ದರು. 1752ರಲ್ಲಿ ಚರ್ಚಿನ ಎದುರಿಗೇ ಹುಟ್ಟಿದ ಥಾಮಸ್ ಚಾಟರ್ಟನ್‌ನ ತಂದೆ ಮೇಷ್ಟರು, ಮಗ ಹುಟ್ಟುವ ಮುನ್ನವೇ ತೀರಿಕೊಂಡಿದ್ದರು. ಆ ಪೆಟ್ಟಿಗೆಗಳಿಂದ ಮನೆಗೆ ಬಂದಿದ್ದ ಚರ್ಮದ ಹಾಳೆಗಳ ಮೇಲೆ ಹುಡುಗ ಅಕ್ಷರ ಕಲಿತ. ಆಮೇಲೆ ಹದಿನೈದನೆಯ ಶತಮಾನದ ರೌಲಿ ಎಂಬ ಸನ್ಯಾಸಿಯನ್ನು ತಾನೇ ಕಲ್ಪಿಸಿ, ಕ್ಯಾನಿಂಗ್ಸನನ್ನು ಆ ಸನ್ಯಾಸಿಯ ಆಶ್ರಯದಾತನನ್ನಾಗಿ ಮಾಡಿ, ಹಳೆಯ ಭಾಷೆಯಲ್ಲಿ ಪದ್ಯ ಬರೆದು ‘ಪೆಟ್ಟಿಗೆಯಲ್ಲಿ ಸಿಕ್ಕಿತು’ ಎಂದ. ದೊಡ್ಡವರೇ ಮೋಸಹೋದರು. 1770ರ ಆಗಸ್ಟಿನಲ್ಲಿ ಲಂಡನ್ನಿನ ಕೋಣೆಯೊಂದರಲ್ಲಿ ಪಾಷಾಣದಿಂದ ಸತ್ತಾಗ ಅವನಿಗೆ ಹದಿನೇಳು ವರ್ಷ. ಮುಂದಿನ ತಲೆಮಾರಿನ ಕವಿಗಳು ಅವನನ್ನು ತಲೆಯ ಮೇಲೆ ಹೊತ್ತರು. ಅವನು ಹುಟ್ಟಿದ ಮನೆ ರೆಡ್‌ಕ್ಲಿಫ್ ವೇ ಪಕ್ಕದಲ್ಲಿ ಈಗಲೂ ಇದೆ, ಸುತ್ತಲಿನದೆಲ್ಲ ಹೋಗಿ ರಸ್ತೆಯ ಬದಿಗೆ ಒಂಟಿಯಾಗಿ.

ಹೊರಗಿನ ಅಂಗಳದಲ್ಲಿ ನೋಡುವಂಥದ್ದೇನಾದರೂ ಇದೆಯೇ?

ಎರಡಿವೆ. ಹುಲ್ಲಿನಲ್ಲಿ ಈಟಿಯಂತೆ ನಾಟಿಕೊಂಡ ಟ್ರಾಮ್ ಹಳಿಯ ತುಂಡು. 1941ರ ಏಪ್ರಿಲ್ 11, ಗುಡ್ ಫ್ರೈಡೇ ದಿನ, ರೆಡ್‌ಕ್ಲಿಫ್ ಹಿಲ್ ರಸ್ತೆಗೆ ಬಿದ್ದ ಜರ್ಮನ್ ಬಾಂಬು ಹಳಿಯನ್ನು ಕಿತ್ತು, ಮನೆಗಳ ಮೇಲಿಂದ ಹಾರಿಸಿ ಇಲ್ಲಿ ಚುಚ್ಚಿತು. ಚರ್ಚು ಕೂದಲೆಳೆಯಲ್ಲಿ ಉಳಿಯಿತು. ನೆನಪಿಗೆಂದು ಹಳಿಯನ್ನು ಕೀಳಲಿಲ್ಲ. ಇನ್ನೊಂದು, ‘ಚರ್ಚಿನ ಬೆಕ್ಕು, 1912–1927’ ಎಂದಷ್ಟೇ ಬರೆದ ಮೋಟು ಕಲ್ಲು. ಹುಲ್ಲು ಬೆಳೆದಾಗ ಕಾಣುವುದಿಲ್ಲ, ಬುಡ ನೋಡಿಕೊಂಡು ನಡೆಯಿರಿ.

ನೀರಿನ ಕೊಳವೆಯ ನಡಿಗೆ ಎಂದರೇನು?

1190ರಲ್ಲಿ ರಾಬರ್ಟ್ ಡಿ ಬರ್ಕ್ಲಿ ಎಂಬ ಜಹಗೀರುದಾರ ದಕ್ಷಿಣದ ನೋಲ್ ದಿನ್ನೆಯ ಒಂದು ಒರತೆಯನ್ನು ಚರ್ಚಿಗೆ ದಾನ ಕೊಟ್ಟ. ಅಲ್ಲಿಂದ ನೆಲದಡಿಯ ಕೊಳವೆಯಲ್ಲಿ ಇಳಿಜಾರಿನ ಬಲದಿಂದಲೇ ನೀರು ರೆಡ್‌ಕ್ಲಿಫ್‌ಗೆ ಬರುತ್ತಿತ್ತು. ದಾನ ಕೈಬಿಟ್ಟುಹೋಗದಂತೆ ವರ್ಷಕ್ಕೊಮ್ಮೆ, ಶರತ್ಕಾಲದಲ್ಲಿ, ಊರಿನವರು ಪಾದ್ರಿಯೊಡನೆ ಕೊಳವೆಯ ಜಾಡು ಹಿಡಿದು ಮೂಲದಿಂದ ಚರ್ಚಿನವರೆಗೆ ನಡೆಯುತ್ತಾರೆ. ಹಕ್ಕು ಇದೆ ಎಂದು ತೋರಿಸಬೇಕಾದರೆ ಕಾಲಿನಿಂದ ಸವೆಸಬೇಕು. ಕೆರೆ ಏರಿಯ ಮೇಲೆ ನಡೆದು ಗಡಿ ಗುರುತಿಸುತ್ತಿದ್ದ ನಮ್ಮ ಹಳ್ಳಿಯವರಿಗೆ ಇದು ಬಿಡಿಸಿ ಹೇಳಬೇಕಾದ್ದಲ್ಲ. ದಾರಿಯಲ್ಲಿ ಬರುವ ವಿಕ್ಟೋರಿಯಾ ಪಾರ್ಕಿನಲ್ಲಿ 1984ರಲ್ಲಿ ಇಟ್ಟಿಗೆಯ ಒಂದು ನೀರಿನ ಚಕ್ರವ್ಯೂಹ ಕಟ್ಟಿದರು. ಅದರ ನಕ್ಷೆ ನೀವು ಚಾವಣಿಯಲ್ಲಿ ಹುಡುಕಿದ ಗುಬುಟಿನದೇ. ಮಕ್ಕಳಿದ್ದರೆ ಇದನ್ನು ತಪ್ಪಿಸಬೇಡಿ.

ಗುಲಾಮರ ವ್ಯಾಪಾರಕ್ಕೂ ಈ ಚರ್ಚಿಗೂ ಏನು ಸಂಬಂಧ?

ಹದಿನೆಂಟನೆಯ ಶತಮಾನದ ಬ್ರಿಸ್ಟಲ್ ಆಫ್ರಿಕದ ಜನರನ್ನು ಹಿಡಿದು ಮಾರಿದ ದೊಡ್ಡ ಬಂದರು. ಆ ದುಡ್ಡಿನ ಗುರುತು ಊರಿನ ಶಾಲೆ, ಬೀದಿ, ಚರ್ಚುಗಳಲ್ಲೆಲ್ಲ ಇತ್ತು. ಆ ವ್ಯಾಪಾರದಲ್ಲಿದ್ದ ಎಡ್ವರ್ಡ್ ಕೋಲ್‌ಸ್ಟನ್‌ನ ಕಂಚಿನ ಪ್ರತಿಮೆಯನ್ನು 2020ರ ಜೂನ್ 7ರಂದು ಜನ ಕೆಡವಿ ಬಂದರಿನ ನೀರಿಗೆ ದೂಡಿದರು. ಅದು ಈಗ ಎಮ್ ಶೆಡ್ ವಸ್ತುಸಂಗ್ರಹಾಲಯದಲ್ಲಿದೆ, ಬಳಿದ ಬಣ್ಣದೊಂದಿಗೇ, ಪ್ರವೇಶ ಉಚಿತ. ರೆಡ್‌ಕ್ಲಿಫ್‌ನಲ್ಲೂ ಅವನಿಗೆ ಅರ್ಪಿಸಿದ್ದ ಗಾಜಿನ ಫಲಕಗಳನ್ನು ಆಗಲೇ ತೆಗೆದರು. ಅವುಗಳ ಜಾಗದ ಹೊಸ ಫಲಕಗಳಲ್ಲಿ ಗುಲಾಮರ ಹಡಗು, 1963ರ ಬಸ್ ಬಹಿಷ್ಕಾರ, ನಿರಾಶ್ರಿತರ ದೋಣಿ ಕಾಣುತ್ತವೆ. ಬಸ್ ಬಹಿಷ್ಕಾರ ನಮಗೂ ಸಂಬಂಧಿಸಿದ್ದು: ಕಪ್ಪು ಜನರನ್ನೂ ಏಷ್ಯಾದವರನ್ನೂ ಬಸ್ಸಿನ ಚಾಲಕ, ಕಂಡಕ್ಟರ್ ಕೆಲಸಕ್ಕೆ ಸೇರಿಸಿಕೊಳ್ಳದ ನಿಯಮ ಅದರಿಂದ ಬಿತ್ತು.

ಪಕ್ಕದ ರೆಡ್‌ಕ್ಲಿಫ್ ಗುಹೆಗಳಲ್ಲಿ ಗುಲಾಮರನ್ನು ಕೂಡಿಹಾಕುತ್ತಿದ್ದರು ಎಂಬ ಮಾತಿಗೆ ಆಧಾರವಿಲ್ಲ. ರೆಡ್‌ಕ್ಲಿಫ್‌ಗೆ ಆ ಹೆಸರು ಕೊಟ್ಟ ಕೆಂಪು ಬಂಡೆಯನ್ನು ಗಾಜು ಮಾಡುವ ಮರಳಿಗಾಗಿ ಅಗೆದಾಗ ಆದ ಸುರಂಗಗಳು ಅವು. ಬ್ರಿಸ್ಟಲ್ ಹಡಗುಗಳು ಗುಲಾಮರನ್ನು ಒಯ್ದದ್ದು ಬಹುಮಟ್ಟಿಗೆ ಆಫ್ರಿಕದಿಂದ ಅಮೆರಿಕ, ಕೆರಿಬಿಯನ್ ಕಡೆಗೆ. ಊರಿಗೆ ಬಂದದ್ದು ಸಕ್ಕರೆ ಮತ್ತು ಲಾಭ. ಗುಹೆಗಳು ಎಲ್ಲ ದಿನ ತೆರೆದಿರುವುದಿಲ್ಲ, ಗುಂಪು ಪ್ರವೇಶ ಏರ್ಪಾಡಾದಾಗ ಮಾತ್ರ.

ಕ್ರೈಸ್ತರಲ್ಲದವರು ಆರಾಧನೆಯಲ್ಲಿ ಕೂರಬಹುದೇ?

ಧಾರಾಳವಾಗಿ. ಹಿಂದಿನ ಸಾಲಿನಲ್ಲಿ ಕೂತು, ಉಳಿದವರು ಎದ್ದಾಗ ಏಳಿ, ಕೂತಾಗ ಕೂರಿ. ಬಾಯಿ ಬಿಡಬೇಕಿಲ್ಲ. ಪ್ರಭು ಭೋಜನದ ರೊಟ್ಟಿ, ದ್ರಾಕ್ಷಾರಸ ದೀಕ್ಷಾಸ್ನಾನ ಆದವರಿಗೆ. ಅದನ್ನು ಪ್ರಸಾದ ಎಂದುಕೊಂಡು ಕೈಚಾಚಬೇಡಿ. ಸಾಲಿನಲ್ಲಿ ಹೋಗಿ ಕೈಗಳನ್ನು ಎದೆಯ ಮೇಲೆ ಕತ್ತರಿಯಾಗಿ ಇಟ್ಟುಕೊಂಡರೆ ಪಾದ್ರಿ ಆಶೀರ್ವಾದವಷ್ಟೇ ಹೇಳುತ್ತಾರೆ. ಜಾಗದಲ್ಲೇ ಕೂತಿದ್ದರೂ ತಪ್ಪಿಲ್ಲ.

ಮೊದಲ ಸಲಕ್ಕೆ ಈವನ್‌ಸಾಂಗ್ ಒಳ್ಳೆಯದು. ಹಾಡಿನದೇ ಸಂಜೆ ಪ್ರಾರ್ಥನೆ, ಮುಕ್ಕಾಲು ಗಂಟೆ, ರೊಟ್ಟಿ ದ್ರಾಕ್ಷಾರಸದ ಪ್ರಶ್ನೆಯೇ ಇಲ್ಲ. ಶಾಲೆಗೆ ರಜೆ ಇದ್ದಾಗ ಹಾಡುವ ಮಕ್ಕಳಿಗೂ ರಜೆ. ಆಗಸ್ಟಿನಲ್ಲಿ ಬಂದು ‘ಹಾಡೇ ಇಲ್ಲವಲ್ಲ’ ಎನ್ನುವವರು ಬಹಳ. ಪೆಂತೆಕೋಸ್ತ್ ಭಾನುವಾರ, ಅಂದರೆ ಈಸ್ಟರ್ ಆಗಿ ಏಳು ವಾರಕ್ಕೆ, ಬಂದರೆ ‘ರಷ್ ಸಂಡೇ’ ನೋಡಬಹುದು. 1494ರ ಒಂದು ದತ್ತಿಯಿಂದ ನಡೆದುಬಂದ ಪದ್ಧತಿ; ನೆಲಕ್ಕೆ ಜೊಂಡು ಹಾಸುತ್ತಾರೆ, ಲಾರ್ಡ್ ಮೇಯರ್ ಕೆಂಪು ನಿಲುವಂಗಿ ತೊಟ್ಟ ನಗರಸಭೆಯವರೊಡನೆ ಬರುತ್ತಾರೆ.

ಹತ್ತಿರದಲ್ಲಿ ಇನ್ನೇನು ನೋಡಬಹುದು?

ನಿಲ್ದಾಣದಿಂದ ಸ್ವಲ್ಪ ದೂರದಲ್ಲೇ, ವಿಕ್ಟೋರಿಯಾ ಸ್ಟ್ರೀಟ್ ಬಳಿ, ಟೆಂಪಲ್ ಚರ್ಚಿನ ವಾಲಿದ ಗೋಪುರ. ಜೌಗು ನೆಲದ ಮೇಲೆ ಕಟ್ಟಿದ್ದರಿಂದ ಕಟ್ಟುವಾಗಲೇ ಒಂದೂವರೆ ಮೀಟರಿನಷ್ಟು ಓರೆಯಾಯಿತು. ಮೇಲಿನ ಅಂತಸ್ತನ್ನು ನೆಟ್ಟಗೆ ಕಟ್ಟಿ ಸರಿಪಡಿಸಲು ಹೋದರು, ಹಾಗಾಗಿ ನಡುವೆ ಮುರಿದಂತೆ ಕಾಣುತ್ತದೆ. 1940ರ ನವೆಂಬರಿನಲ್ಲಿ ಬಾಂಬಿನಿಂದ ಚರ್ಚು ಸುಟ್ಟಿತು, ಗೋಪುರ ಬೀಳಲಿಲ್ಲ. ಹೊರಗಿನಿಂದ ನೋಡಲು ಐದು ನಿಮಿಷ ಸಾಕು.

ಕ್ಯಾಥೆಡ್ರಲ್‌ಗೆ ನಡೆದರೆ ಇಪ್ಪತ್ತು ನಿಮಿಷ. 1140ರಲ್ಲಿ ಮಠವಾಗಿ ಆರಂಭ, 1542ರಲ್ಲಿ ಕ್ಯಾಥೆಡ್ರಲ್. ಪೂರ್ವಾರ್ಧದಲ್ಲಿ ನಡುಸಾಲೆಯೂ ಪಕ್ಕದ ಪಡಸಾಲೆಗಳೂ ಒಂದೇ ಎತ್ತರ. ಇಂಗ್ಲೆಂಡಿನಲ್ಲಿ ಇದು ಅಪರೂಪ. ಪಶ್ಚಿಮದ ಭಾಗ ಹತ್ತೊಂಬತ್ತನೆಯ ಶತಮಾನದ್ದು, ಹಳೆಯದೆಂದು ಮೋಸಹೋಗಬೇಡಿ. ನಿಜವಾಗಿ ಹಳೆಯದು ನೋಡಬೇಕೆಂದರೆ ಹನ್ನೆರಡನೆಯ ಶತಮಾನದ ಚಾಪ್ಟರ್ ಹೌಸ್, ಅಂದರೆ ಮಠದವರು ಸಭೆ ಸೇರುತ್ತಿದ್ದ ಕೋಣೆ, ಎಲ್ಲಿದೆಯೆಂದು ಕೇಳಿ. ಗೋಡೆ ತುಂಬ ಹೆಣಿಗೆಯಂಥ ಕೆತ್ತನೆ. ರೆಡ್‌ಕ್ಲಿಫ್ ಚರ್ಚೂ ಸೇರಿದ ಇಂಗ್ಲೆಂಡಿನ ಆಂಗ್ಲಿಕನ್ ಸಭೆ ಮೊಟ್ಟಮೊದಲು ಹೆಂಗಸರಿಗೆ, ಒಟ್ಟು 32 ಮಂದಿಗೆ, ಪಾದ್ರಿ ದೀಕ್ಷೆ ಕೊಟ್ಟದ್ದು ಇಲ್ಲೇ, 1994ರ ಮಾರ್ಚ್ 12ರಂದು.

ಈಗ ವಸ್ತುಸಂಗ್ರಹಾಲಯವಾಗಿರುವ ಎಸ್ ಎಸ್ ಗ್ರೇಟ್ ಬ್ರಿಟನ್ ಎಂಬ ಹಳೆಯ ಹಡಗನ್ನು ನೋಡಲು ಟಿಕೆಟ್ ಇದೆ, ಅರ್ಧ ದಿನ ಬೇಕು. ಕ್ಲಿಫ್ಟನ್ ತೂಗು ಸೇತುವೆ ದೂರ, ಬಸ್ ಹಿಡಿಯಿರಿ. ನಡೆದು ದಾಟಲು ದುಡ್ಡಿಲ್ಲ.

ರಾಮಮೋಹನ ರಾಯರ ಸಮಾಧಿ ಎಲ್ಲಿದೆ? ಪ್ರತಿಮೆಯ ಬಳಿಯೇ?

ಇಲ್ಲ, ಎರಡೂ ಬೇರೆ ಬೇರೆ ಕಡೆ. 1997ರಲ್ಲಿ ನಿಲ್ಲಿಸಿದ ಪ್ರತಿಮೆ ಕ್ಯಾಥೆಡ್ರಲ್ ಎದುರು, ಕಾಲೇಜ್ ಗ್ರೀನ್‌ನಲ್ಲಿದೆ. ಸಮಾಧಿ ಇರುವುದು ಟೆಂಪಲ್ ಮೀಡ್ಸ್‌ನ ಆ ಬದಿಗೆ, ಬಾತ್ ರೋಡಿನ ಆರ್ನೋಸ್ ವೇಲ್ ಸ್ಮಶಾನದಲ್ಲಿ. ನಿಲ್ದಾಣದಿಂದ ನಡೆದರೆ ಇಪ್ಪತ್ತೈದು ನಿಮಿಷ, ಬಸ್ಸೂ ಇದೆ. ಪ್ರತಿಮೆ ನೋಡಿ ಸಮಾಧಿ ಹುಡುಕುತ್ತಾ ಊರ ನಡುವೆ ಅಲೆದವರು ಹಲವರು.

ಮೊಗಲ್ ಬಾದಶಹನ ಪರವಾಗಿ ಅಹವಾಲು ಹೇಳಲು, ಸತಿ ನಿಷೇಧದ ವಿರುದ್ಧದ ಮೇಲ್ಮನವಿ ಗೆಲ್ಲದಂತೆ ನೋಡಿಕೊಳ್ಳಲು ರಾಯರು 1831ರಲ್ಲಿ ಇಂಗ್ಲೆಂಡಿಗೆ ಬಂದರು. ಬ್ರಿಸ್ಟಲ್‌ಗೆ ಬಂದು ಕೆಲವೇ ದಿನಗಳಲ್ಲಿ, 1833ರ ಸೆಪ್ಟೆಂಬರ್ 27ರಂದು, ಸ್ಟೇಪಲ್‌ಟನ್‌ನ ಮನೆಯಲ್ಲಿ ತೀರಿಕೊಂಡರು. ಆಗ ಮೈಮೇಲೆ ಜನಿವಾರವಿತ್ತು. ಶವ ಸುಡುವ ಪದ್ಧತಿ ಆ ದೇಶದಲ್ಲಿ ಇನ್ನೂ ಬಂದಿರಲಿಲ್ಲ. ಕ್ರೈಸ್ತ ವಿಧಿ ಇಲ್ಲದೆ ಆ ಮನೆಯ ತೋಟದಲ್ಲೇ ಹೂಳಿದರು. ಹತ್ತು ವರ್ಷದ ನಂತರ, 1843ರಲ್ಲಿ, ದ್ವಾರಕಾನಾಥ ಠಾಕೂರರು ಆರ್ನೋಸ್ ವೇಲ್‌ಗೆ ತಂದು ಬಂಗಾಳದ ಮಾದರಿಯ ಕಂಬದ ಮಂಟಪ ಕಟ್ಟಿಸಿದರು. ಇಂಗ್ಲಿಷ್ ಶಿಲುಬೆಗಳ ನಡುವೆ ಅದನ್ನು ಗುರುತಿಸಲು ಕಷ್ಟವೇ ಇಲ್ಲ. ಪ್ರತಿ ಸೆಪ್ಟೆಂಬರಿನಲ್ಲಿ ಅಲ್ಲಿ ಸ್ಮರಣೆ ನಡೆಯುತ್ತದೆ. ಅವರ ತೈಲಚಿತ್ರ ಬ್ರಿಸ್ಟಲ್ ವಸ್ತುಸಂಗ್ರಹಾಲಯದಲ್ಲಿದೆ.

ಕನ್ನಡಕ್ಕೆ ಏನಾದರೂ ನಂಟು?

ತೆಳುವಾದದ್ದು, ಆದರೆ ಇದೆ. ಬ್ರಿಸ್ಟಲ್‌ನ ಬ್ರಾಡ್‌ಮೀಡ್ ಬ್ಯಾಪ್ಟಿಸ್ಟ್ ಸಭೆಯ ಶಾಲೆಯಲ್ಲಿ ಮೇಷ್ಟರಾಗಿದ್ದ ಜೋಶುವಾ ಮಾರ್ಷ್‌ಮನ್ 1799ರಲ್ಲಿ ಬಂಗಾಳದ ಸೆರಾಂಪುರಕ್ಕೆ ಹೋಗಿ ಮಿಷನರಿ ವಿಲಿಯಂ ಕೇರಿಯ ಜೊತೆಗಾರನಾದ. ಅಲ್ಲಿಂದಲೇ 1817ರಲ್ಲಿ ಕೇರಿಯ ಕನ್ನಡ ವ್ಯಾಕರಣ ಅಚ್ಚಾಗಿ ಹೊರಬಂತು. ಯೇಸುವಿನ ನೀತಿಯನ್ನು ಪವಾಡಗಳಿಂದ ಬೇರ್ಪಡಿಸಿದ ರಾಮಮೋಹನ ರಾಯರೊಡನೆ ಅದಕ್ಕಾಗಿ ವರ್ಷಗಟ್ಟಲೆ ಜಗಳವಾಡಿದವನೂ ಇದೇ ಮಾರ್ಷ್‌ಮನ್. ಆಂಗ್ಲಿಕನ್ ಸಭೆಯ ಮಾತಿಗೆ ಬಂದರೆ, ಬೆಂಗಳೂರಿನ ಎಂ.ಜಿ. ರಸ್ತೆಯ ಸೇಂಟ್ ಮಾರ್ಕ್ಸ್ ಕೂಡ ಮೂಲದಲ್ಲಿ ಇದೇ ಪಂಗಡದ್ದು. 1947ರಲ್ಲಿ ಚರ್ಚ್ ಆಫ್ ಸೌತ್ ಇಂಡಿಯಾ ಆದಾಗ ಅದರೊಳಗೆ ಸೇರಿತು.

ವಯಸ್ಸಾದ ಅಪ್ಪ ಅಮ್ಮ ಜೊತೆಗಿದ್ದಾರೆ. ಒಂದೇ ದಿನದಲ್ಲಿ ಮುಗಿಯುತ್ತದೆಯೇ?

ಮುಗಿಯುತ್ತದೆ, ಆಸೆ ಕಡಿಮೆ ಇಟ್ಟುಕೊಂಡರೆ. ಬೆಳಿಗ್ಗೆ ಹತ್ತಕ್ಕೆ ರೆಡ್‌ಕ್ಲಿಫ್, ಒಂದೂವರೆ ಗಂಟೆ. ಊಟಕ್ಕೆ ಸೇಂಟ್ ನಿಕೋಲಸ್ ಮಾರುಕಟ್ಟೆ. ಸಸ್ಯಾಹಾರ ಸಿಗುತ್ತದೆ, ಭಾನುವಾರ ಮಾತ್ರ ನಂಬಿಕೊಳ್ಳಬೇಡಿ. ಮಧ್ಯಾಹ್ನ ಕಾಲೇಜ್ ಗ್ರೀನ್ ಮತ್ತು ಕ್ಯಾಥೆಡ್ರಲ್. ಅಲ್ಲಿಂದ ಮೇಲಕ್ಕೆ ಹೋಗುವ ಪಾರ್ಕ್ ಸ್ಟ್ರೀಟ್ ಕಡಿದಾದ ಏರು, ಬ್ರ್ಯಾಂಡನ್ ಹಿಲ್ ಇನ್ನೂ ಕಡಿದು. ಮಂಡಿ ನೋವಿರುವವರು ಆ ಗುಡ್ಡದ ಮೇಲಿನ ಕ್ಯಾಬಟ್ ಟವರನ್ನು ಕೆಳಗಿನಿಂದಲೇ ನೋಡಲಿ, ಒಳಗಿನ ಸುತ್ತು ಮೆಟ್ಟಿಲು ತೀರ ಕಿರಿದು. ಆರ್ನೋಸ್ ವೇಲ್‌ಗೆ ಟ್ಯಾಕ್ಸಿ ಮಾಡಿ. ಅದು 45 ಎಕರೆ ಗುಡ್ಡ, ಆದರೆ ರಾಯರ ಮಂಟಪ ಮುಖ್ಯ ದ್ವಾರದಿಂದ ಹೆಚ್ಚು ದೂರವಿಲ್ಲ, ಗುಡ್ಡ ಹತ್ತಬೇಕಿಲ್ಲ. ಚಳಿಗಾಲದಲ್ಲಿ ನಾಲ್ಕೂವರೆಗೇ ಕತ್ತಲಾಗುವುದರಿಂದ ಕ್ರಮ ತಿರುಗಿಸಿ, ಸ್ಮಶಾನ ಮೊದಲು, ಈವನ್‌ಸಾಂಗ್ ಕೊನೆಗೆ. ಕೊಡೆಗಿಂತ ಟೋಪಿ ಇರುವ ಮಳೆ ಅಂಗಿ ವಾಸಿ, ಬಂದರಿನ ಗಾಳಿಗೆ ಕೊಡೆ ತಿರುವು ಹಾಕಿಕೊಳ್ಳುತ್ತದೆ.